ದಿನಾ ಚಟುವಟಿಕೆ ಮಾಡಿಸ್ತಾರೆ, ಮಗಳಿಗೆ ಪಾಠ ಬರ್ತದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆ. ಮಗಳು ಕನ್ನಡ ಮೀಡಿಯಂ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ 4ನೇ ಕ್ಲಾಸು. ಮನೆಯಲ್ಲಿ ತುಳು. ನಾನು ಬೀಡಿ ಕಟ್ಟುತ್ತೇನೆ, ಇವರಿಗೆ ಕಲ್ಲಿನ ಕೋರೆಯಲ್ಲಿ ಕೆಲಸ. ಶಾಲೆಯಲ್ಲಿ ದಿನಾ ಚಟುವಟಿಕೆ ಅಂತ ಕತ್ತರಿಸುವುದು, ಅಂಟಿಸುವುದು, ಗುಂಪಿನಲ್ಲಿ ಕೂತು ಮಾತಾಡುವುದು. ನೋಟ್ಸ್ ಕಡಿಮೆ, ಮಗ್ಗಿ ಬಾಯಿಪಾಠ ಇಲ್ಲವೇ ಇಲ್ಲ. ಓಣಂ ಪರೀಕ್ಷೆ ಮುಗಿಯಿತು. ಮುಂದಿನ ವರ್ಷ ಬೇರೆ ಶಾಲೆಗೆ ಹೋಗಬೇಕು. ಅವಳಿಗೆ ನಿಜವಾಗಿ ಏನಾದರೂ ಬರುತ್ತದೆಯೇ ಅಂತ ನನಗೆ ಗೊತ್ತಾಗುತ್ತಿಲ್ಲ. ಎಲ್‌ಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಟ್ಯೂಷನ್ ಬೇಕಾ? 5ನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂಗೆ ಹಾಕುವುದು ಒಳ್ಳೆಯದಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟ್ಯೂಷನ್, ಇಂಗ್ಲಿಷ್ ಮೀಡಿಯಂ ಎಲ್ಲ ಆಮೇಲಿನ ಮಾತು. ‘ಅವಳಿಗೆ ನಿಜವಾಗಿ ಏನಾದರೂ ಬರುತ್ತದೆಯೇ’ ಅಂತ ಕೇಳಿದ್ದೀರಲ್ಲ, ಅದೇ ಮುಖ್ಯ ಪ್ರಶ್ನೆ. ನಾನು ಎಷ್ಟೋ ವರ್ಷ 4ನೇ ಕ್ಲಾಸಿಗೆ ಪಾಠ ಮಾಡಿದವಳು. ಆಮೇಲೆ ಟೀಚರುಗಳಿಗೆ ತರಬೇತಿ ಕೊಡುವ ಕೆಲಸವನ್ನೂ ಮಾಡಿದ್ದೇನೆ. ಈ ಪ್ರಶ್ನೆ ಕೇಳುವ ಅಮ್ಮಂದಿರು ಕಡಿಮೆ. ‘ಎಷ್ಟು ಮಾರ್ಕು’ ಅಂತ ಕೇಳುವವರೇ ಜಾಸ್ತಿ.

ನಿಮ್ಮ ಸಂಶಯ ಪೂರ್ತಿ ತಪ್ಪಲ್ಲ. ಚಟುವಟಿಕೆ ಮಾಡಿದ ಮಾತ್ರಕ್ಕೆ ಮಗು ಕಲಿತಿತು ಅಂತ ಆಗುವುದಿಲ್ಲ. ಹಾಗಂತ ಬೋರ್ಡಿನಿಂದ ನೋಟ್ಸ್ ಬರೆದುಕೊಂಡರೆ ಕಲಿತಿತು ಅಂತಲೂ ಅಲ್ಲ. ನಮ್ಮ ಕಾಲದಲ್ಲಿ ಎರಡನೆಯದೇ ನಡೆಯುತ್ತಿತ್ತು. ನಾನು ಕಲಿತದ್ದೂ ಹಾಗೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲಿಸಿದ್ದೂ ಹಾಗೆ. ಮಕ್ಕಳ ನೋಟ್‌ಬುಕ್ಕು ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಅದೇ ಮಗುವಿನ ಕೈಗೆ ಬೇರೆ ಪುಸ್ತಕದ ಒಂದು ಪುಟ ಕೊಟ್ಟರೆ ತಡವರಿಸುತ್ತಿತ್ತು. ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ 1994ರಲ್ಲಿ ಕೇರಳಕ್ಕೆ ಬಂದಾಗ ಮೊದಲು ಆರಿಸಿದ ಮೂರು ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಒಂದು. ಉಳಿದ ಎರಡು ವಯನಾಡು ಮತ್ತು ಮಲಪ್ಪುರಂ. ನಮ್ಮ ಶಾಲೆಗಳಿಗೆ ಚಟುವಟಿಕೆ ಅನ್ನುವ ಮಾತು ಜೋರಾಗಿ ಬಂದದ್ದು ಆಗ. ಊರಿನವರು ಆಗಲೂ ಇದನ್ನೇ ಕೇಳಿದ್ದರು: ಆಟ ಆಡಿಸ್ತೀರಿ, ಪಾಠ ಯಾವಾಗ?

ಒಳ್ಳೆಯ ಚಟುವಟಿಕೆ ಅಂದರೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ಕಂಡ ಒಂದು ದಿನದ ಕತೆ ಹೇಳುತ್ತೇನೆ.

ಬಾಯಾರು ಕಡೆ ಒಂದು ಮನೆಯ ಹಿಂದೆ ಗುಡ್ಡ, ಗುಡ್ಡದಲ್ಲಿ ಸುರಂಗ. ನಿಮ್ಮ ಊರಿನವರಿಗೆ ಸುರಂಗ ಏನೆಂದು ವಿವರಿಸುವುದು ಬೇಡ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗೆ ಹರಿಯಲು ಬಿಡುವುದು. ಪಂಪು ಬೇಡ, ಕರೆಂಟು ಬೇಡ. ಟೀಚರು 4ನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಒಳಗೆ ಯಾರನ್ನೂ ಬಿಡಲಿಲ್ಲ. ಬಾಯಿಯ ಹತ್ತಿರ, ನೀರು ಬೀಳುವಲ್ಲಿ ಮಾತ್ರ ಕೆಲಸ. ಹತ್ತು ಲೀಟರಿನ ಒಂದು ಬಾಲ್ದಿ ಇಟ್ಟರು. ಒಬ್ಬ ಹುಡುಗನ ಕೈಗೆ ಗಡಿಯಾರ. ಬಾಲ್ದಿ ತುಂಬಲು ಎರಡು ನಿಮಿಷ ಬೇಕಾಯಿತು. ಒಂದೇ ಸಲ ನೋಡಿ ಬಿಡಲಿಲ್ಲ, ಮೂರು ಸಲ ನೋಡಿದರು.

ಆಮೇಲೆ ಅಂಗಳದಲ್ಲಿ ಕೂತು ಲೆಕ್ಕ. ಎರಡು ನಿಮಿಷಕ್ಕೆ ಒಂದು ಬಾಲ್ದಿ ಆದರೆ ಒಂದು ಗಂಟೆಗೆ ಎಷ್ಟು? ಕೆಲವರು 60 ಅಂದರು, ಕೆಲವರು 120 ಅಂದರು. ಟೀಚರು ಸರಿ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ನೆಲದಲ್ಲಿ ಗೀಟು ಹಾಕಿ ನೋಡಿ ಅಂದರು. ಎರಡು ನಿಮಿಷಕ್ಕೆ ಒಂದೊಂದು ಗೀಟು. ಹತ್ತು ಗೀಟು ಆಗುವಾಗ 20 ನಿಮಿಷ ಆಯಿತು. ಅಷ್ಟರಲ್ಲಿ ಹಿಂದೆ ಕೂತಿದ್ದ ಒಂದು ಹುಡುಗಿ ‘ಮೂವತ್ತು’ ಅಂದಳು. 30 ಬಾಲ್ದಿ, ಅಂದರೆ 300 ಲೀಟರ್. ಹಗಲು ರಾತ್ರಿ ಸೇರಿ 24 ಗಂಟೆಗೆ 7,200 ಲೀಟರ್. ಆ ಸಂಖ್ಯೆ ಬಂದಾಗ ಮಕ್ಕಳು ನೀರನ್ನೇ ಇನ್ನೊಮ್ಮೆ ತಿರುಗಿ ನೋಡಿದರು. ಸಣ್ಣಗೆ ಹರಿಯುವ ನೀರು ಇಷ್ಟು ಆಗುತ್ತದಾ ಅಂತ.

ಆಗ ಅದೇ ಹುಡುಗಿ ತುಳುವಿನಲ್ಲಿ ‘ಮರಿಯಾಲೊಡು ಬೇಗ ದಿಂಜುಂಡು’ ಅಂದಳು. ಮಳೆಗಾಲದಲ್ಲಿ ಬೇಗ ತುಂಬುತ್ತದೆ ಅಂತ. ಟೀಚರು ‘ಕನ್ನಡದಲ್ಲಿ ಹೇಳು’ ಅಂತ ಅವಳ ಬಾಯಿ ಮುಚ್ಚಿಸಲಿಲ್ಲ. ‘ಹೌದಾ? ಯಾಕೆ?’ ಅಂತ ಕೇಳಿದರು. ಮಾತು ಮಳೆಗೆ ಹೋಯಿತು, ಗುಡ್ಡದ ಮೇಲಿನ ಮರಗಳಿಗೆ ಹೋಯಿತು, ಬೇಸಗೆಯಲ್ಲಿ ನೀರು ಯಾಕೆ ಕಡಿಮೆ ಅನ್ನುವಲ್ಲಿಗೆ ಹೋಯಿತು. ಕ್ಲಾಸಿಗೆ ಬಂದ ಮೇಲೆ ಪ್ರತಿಯೊಬ್ಬರೂ ತಾವು ಕಂಡದ್ದನ್ನು ಐದಾರು ವಾಕ್ಯ ಬರೆದರು. ಆ ಹುಡುಗಿ ‘ಮಳೆಗಾಲದಲ್ಲಿ ಬಾಲ್ದಿ ಬೇಗ ತುಂಬುತದೆ’ ಅಂತ ಬರೆದಿದ್ದಳು. ಟೀಚರು ‘ತ’ದ ಕೆಳಗೆ ಒತ್ತು ಹಾಕಿಸಿದರು, ಅಷ್ಟೇ. ಉಳಿದದ್ದೆಲ್ಲ ಅವಳದ್ದೇ.

ಅವತ್ತು ಗಣಿತ, ಪರಿಸರ ಅಧ್ಯಯನ, ಕನ್ನಡ ಮೂರೂ ಆಯಿತು. ಕೈಯಲ್ಲಿ ಮಾಡಿದರು, ಬಾಯಲ್ಲಿ ಹೇಳಿದರು, ಕೊನೆಗೆ ಬರೆದರು. ಈ ಬರೆಯುವ ಕೆಲಸವೇ ಎಷ್ಟೋ ಕಡೆ ಬಿಟ್ಟುಹೋಗುತ್ತದೆ. ಸಮಯ ಸಾಕಾಗುವುದಿಲ್ಲ, ಬೆಲ್ ಆಗುತ್ತದೆ, ಊಟಕ್ಕೆ ಕೈ ತೊಳೆಯಲು ಮಕ್ಕಳು ಓಡುತ್ತಾರೆ. ನಾನೇ ಈ ತಪ್ಪು ಮಾಡಿದ್ದೇನೆ. ಒಮ್ಮೆ ಕ್ಲಾಸಿನಲ್ಲಿ ಸಂತೆ ಮಾಡಿಸಿದೆ. ಮಕ್ಕಳು ಮನೆಯಿಂದ ತರಕಾರಿ ತಂದರು, ಚಕ್ಕುಲಿ ತಂದರು, ಕಾಗದದ ನೋಟು ಮಾಡಿ ವ್ಯಾಪಾರ ಮಾಡಿದರು. ಇಡೀ ದಿನ ಗಲಗಲ. ಲೆಕ್ಕ ಬರೆಯಿಸುವುದನ್ನು ನಾಳೆ ಮಾಡುವ ಅಂತ ಬಿಟ್ಟೆ. ಆ ನಾಳೆ ಬರಲಿಲ್ಲ. ಮುಂದಿನ ವಾರ ಕೇಳಿದರೆ ಮಕ್ಕಳಿಗೆ ಚಕ್ಕುಲಿ ನೆನಪಿತ್ತು, ಚಿಲ್ಲರೆ ವಾಪಸ್ ಕೊಟ್ಟ ಲೆಕ್ಕ ನೆನಪಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಅದಾದ ಮೇಲೆ ಬರೆಯದೆ ಚಟುವಟಿಕೆ ಮುಗಿಸಿದ್ದಿಲ್ಲ.

ಹಾಗಾಗಿ ಮಗಳ ಬ್ಯಾಗಿನಲ್ಲಿ ನೋಟ್ಸ್ ಎಷ್ಟಿದೆ ಅಂತ ಹುಡುಕಬೇಡಿ. ಅವಳದೇ ಮಾತಿನಲ್ಲಿ ಬರೆದ ವಾಕ್ಯಗಳು ಎಷ್ಟಿವೆ ಅಂತ ನೋಡಿ. ವಾರಕ್ಕೆ ಎರಡು ಮೂರು ಸಲವಾದರೂ ಅಂಥ ಬರವಣಿಗೆ ಇದ್ದರೆ ಶಾಲೆಯಲ್ಲಿ ಕೆಲಸ ಆಗುತ್ತಿದೆ ಅಂತ ತಿಳಿಯಿರಿ. ತಪ್ಪು ಇರಲಿ, ವಕ್ರ ಅಕ್ಷರ ಇರಲಿ, ಪರವಾಗಿಲ್ಲ. ಇಡೀ ಕ್ಲಾಸಿನ ಮಕ್ಕಳ ಪುಸ್ತಕದಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ ಇದ್ದರೆ ಮಾತ್ರ ಚಿಂತೆ ಮಾಡಬೇಕು.

ಈಗ ಓದು. ಮನೆಯಲ್ಲೇ ನೋಡಬಹುದು, ಹತ್ತು ನಿಮಿಷ ಸಾಕು. ಅವಳು ಹಿಂದೆ ಓದಿರದ ಒಂದು ಪುಟ ತೆಗೆದುಕೊಳ್ಳಿ. ಪೇಪರಿನ ಮಕ್ಕಳ ಪುಟ ಆಗಬಹುದು, ಶಾಲೆಯ ಲೈಬ್ರರಿಯ ಸಣ್ಣ ಕತೆ ಪುಸ್ತಕ ಆಗಬಹುದು. ಪಾಠಪುಸ್ತಕ ಬೇಡ, ಅದು ಅರ್ಧ ಬಾಯಿಪಾಠ ಆಗಿರುತ್ತದೆ. ಏಳೆಂಟು ಸಾಲು ಗಟ್ಟಿಯಾಗಿ ಓದಲಿ. ಮಧ್ಯ ತಿದ್ದಬೇಡಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ‘ಏನಾಯಿತು ಅಂತ ಹೇಳು’ ಅನ್ನಿ. ತುಳುವಿನಲ್ಲೇ ಹೇಳಲಿ. ಇದು ಮುಖ್ಯ. ಕನ್ನಡದಲ್ಲಿ ಹೇಳು ಅಂದರೆ ಅವಳಿಗೆ ಅರ್ಥ ಆಗಲಿಲ್ಲವೋ, ಹೇಳಲು ಬರಲಿಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಸರಾಗ ಹೇಳಿದಳು ಅಂದರೆ ಓದಿದ್ದು ತಲೆಗೆ ಹೋಗಿದೆ. ಕನ್ನಡದಲ್ಲಿ ಹೇಳುವ ರೂಢಿ ಮಾಡಿಸಿದರೆ ಸಾಕು. ತುಳುವಿನಲ್ಲೂ ಹೇಳಲು ಆಗಲಿಲ್ಲ ಅಂದರೆ ಅಕ್ಷರ ಓದುತ್ತಿದ್ದಾಳೆ, ಅರ್ಥ ಓದುತ್ತಿಲ್ಲ. ಆಗ ಟೀಚರನ್ನು ಕಂಡು ಮಾತಾಡಿ. ಈಗಲೇ ಮಾತಾಡಿದರೆ ಮಾರ್ಚಿನ ಒಳಗೆ ಸರಿ ಮಾಡಬಹುದು.

ಮನೆಮಾತು ತುಳು ಅಂತ ನೀವು ಸ್ವಲ್ಪ ಅಳುಕಿನಿಂದ ಬರೆದಿದ್ದೀರಿ ಅಂತ ನನಗೆ ಅನ್ನಿಸಿತು. ಅಳುಕು ಬೇಡ. ಪೆರಡಾಲದಲ್ಲಿ ಮಾಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡದಲ್ಲೂ ಬರೆದರು, ತುಳುವಿನಲ್ಲೂ ಬರೆದರು. ಅವರಿಗೆ ಒಂದು ಭಾಷೆ ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ತುಳು ಬರುವ ಮಗುವಿಗೆ ಕನ್ನಡ ಹತ್ತಿರದ ದಾರಿ. ಒಂದು ಸಣ್ಣ ಆಟ ಮಾಡಿ ನೋಡಿ. ಒಂದು ಕಾಗದದಲ್ಲಿ ಮೂರು ಸಾಲು ಎಳೆಯಿರಿ: ತುಳು, ಕನ್ನಡ, ಮಲಯಾಳ. ತುಳುವಿನ ‘ಪೂ’ ಕನ್ನಡದಲ್ಲಿ ‘ಹೂ’, ಮಲಯಾಳದಲ್ಲಿ ‘ಪೂವ್’. ‘ಪುಳಿ’ ಕನ್ನಡದಲ್ಲಿ ‘ಹುಳಿ’, ಮಲಯಾಳದಲ್ಲಿ ‘ಪುಳಿ’. ‘ಪಕ್ಕಿ’ ಕನ್ನಡದಲ್ಲಿ ‘ಹಕ್ಕಿ’. ನಾಲ್ಕು ಶಬ್ದ ಆಗುವಷ್ಟರಲ್ಲಿ ಮಗುವೇ ಹೇಳುತ್ತದೆ, ತುಳುವಿನ ‘ಪ’ ಕನ್ನಡಕ್ಕೆ ಬಂದಾಗ ‘ಹ’ ಆಗ್ತದೆ ಅಂತ. ಹಳಗನ್ನಡದಲ್ಲೂ ಇವೆಲ್ಲ ‘ಪ’ಕಾರವೇ ಆಗಿದ್ದವು. ಹಾಲಿಗೆ ಆಗ ‘ಪಾಲ್’ ಅನ್ನುತ್ತಿದ್ದರು, ಮಲಯಾಳದಲ್ಲಿ ಇವತ್ತಿಗೂ ಹಾಗೆಯೇ. ಆದರೆ ತುಳುವಿನಲ್ಲಿ ಹಾಲು ‘ಪೇರ್’. ಇದು ಬೇರೆ ಯಾಕೆ ಅಂತ ಮಗು ಕೇಳುತ್ತದೆ, ಕೇಳಲಿ. ಹತ್ತು ವರ್ಷದ ಮಗು ತಾನೇ ಒಂದು ನಿಯಮ ಕಂಡುಹಿಡಿದು, ಅದು ಎಲ್ಲ ಕಡೆ ಸರಿಹೋಗುವುದಿಲ್ಲ ಅಂತಲೂ ಕಂಡುಕೊಳ್ಳುವುದು ದೊಡ್ಡ ವಿಷಯ. ಇಷ್ಟು ಭಾಷೆ ಕಿವಿಗೆ ಬೀಳುವ ಊರಿನಲ್ಲಿ ಇದ್ದೇವೆ. ಅದನ್ನು ಬಳಸಿಕೊಳ್ಳದಿದ್ದರೆ ನಮಗೇ ನಷ್ಟ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. 4ನೇ ಕ್ಲಾಸಿನಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಸ್ಥಾನಬೆಲೆಯಲ್ಲಿ. ‘ಎರಡು ಸಾವಿರದ ನಲವತ್ತು ಬರೆ’ ಅನ್ನಿ. 2040 ಅಂತ ಬರೆದರೆ ಸಮಾಧಾನ. 200040 ಅಂತ ಬರೆದರೆ ಬೈಯಬೇಡಿ. ಅವಳು ಕೇಳಿದ ಹಾಗೆಯೇ ಬರೆದಿದ್ದಾಳೆ: ಮೊದಲು ಎರಡು ಸಾವಿರ, ಅದರ ಹಿಂದೆ ನಲವತ್ತು. ಸಾವಿರ, ನೂರು, ಹತ್ತು, ಒಂದು ಅಂತ ನಾಲ್ಕು ಮನೆ ಎಳೆದು, ನೂರರ ಮನೆಯಲ್ಲಿ ಏನಿದೆ ಅಂತ ಕೇಳಿ. ನಿಮ್ಮ ಪರ್ಸಿನ ನೂರರ ನೋಟು, ಹತ್ತರ ನೋಟು, ಒಂದು ರೂಪಾಯಿಯ ನಾಣ್ಯ ಇದಕ್ಕೆ ಧಾರಾಳ ಸಾಕು. ನೂರರ ನೋಟೇ ಇಲ್ಲದಿದ್ದರೆ ಆ ಮನೆಯಲ್ಲಿ ಸೊನ್ನೆ. ಸೊನ್ನೆ ಯಾಕೆ ಬೇಕು ಅಂತ ಆಗ ಅವಳಿಗೆ ತಿಳಿಯುತ್ತದೆ.

ಭಾಗಾಕಾರಕ್ಕೆ ನಿಮ್ಮ ಕೆಲಸದಲ್ಲೇ ಬೇಕಾದಷ್ಟು ಲೆಕ್ಕ ಇದೆ. ಒಂದು ಕಟ್ಟಿಗೆ 25 ಬೀಡಿ ಅಂತಾದರೆ ಸಾವಿರಕ್ಕೆ ಎಷ್ಟು ಕಟ್ಟು? ಮೊದಲು 100 ಬೀಡಿಗೆ ಕೇಳಿ. ನಾಲ್ಕು ಕಟ್ಟು ಅಂತ ಬೇಗ ಹೇಳುತ್ತಾಳೆ. ಸಾವಿರದಲ್ಲಿ ಅಂಥ ನೂರು ಎಷ್ಟು? ಹತ್ತು. ಹಾಗಾದರೆ 40 ಕಟ್ಟು. ಇವತ್ತು ಅಮ್ಮ 650 ಕಟ್ಟಿದರೆ? 26. ಉತ್ತರ ಹೇಗೆ ಸಿಕ್ಕಿತು ಅಂತ ಬಾಯಿಬಿಟ್ಟು ಹೇಳಲಿ, ಆಮೇಲೆ ಬರೆಯಲಿ. ಒಂದು ಮಾತು ಮಾತ್ರ ನೆನಪಿಡಿ. ಲೆಕ್ಕ ಕೇಳಿ, ಬೀಡಿ ಕೈಗೆ ಕೊಡಬೇಡಿ. ಹೊಗೆಸೊಪ್ಪಿನ ಧೂಳು ಮಕ್ಕಳಿಗೆ ಒಳ್ಳೆಯದಲ್ಲ. ಮೊರದಿಂದ ದೂರ ಕೂತುಕೊಂಡೇ ಅವಳು ಲೆಕ್ಕ ಮಾಡಲಿ. ಅವಳ ಅಪ್ಪನ ಹತ್ತಿರ ಕಲ್ಲಿನ ಲೆಕ್ಕ ಇದೆ. ಒಂದು ಕಲ್ಲಿನ ಉದ್ದ ಎಷ್ಟು, ಅಗಲ ಎಷ್ಟು, ಅಂಗಳದ ಕಟ್ಟೆಗೆ ಒಂದು ಸಾಲಿನಲ್ಲಿ ಎಷ್ಟು ಕಲ್ಲು ಕೂರುತ್ತದೆ ಅಂತ ಅಳೆದು ನೋಡಲಿ. ಅಪ್ಪನ ಜೊತೆ ಟೇಪು ಹಿಡಿದು ಅಳೆಯುವ ಮಗು ಸೆಂಟಿಮೀಟರು, ಮೀಟರು ಮರೆಯುವುದಿಲ್ಲ.

ಮಗ್ಗಿಯ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಚಟುವಟಿಕೆಯ ಹೆಸರಿನಲ್ಲಿ ಮಗ್ಗಿ ಬಿಟ್ಟದ್ದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಹತ್ತರವರೆಗಿನ ಮಗ್ಗಿ ಬಾಯಿಗೆ ಬರಲೇಬೇಕು. ಇಲ್ಲದಿದ್ದರೆ 5ನೇ ಕ್ಲಾಸಿನ ಭಾಗಾಕಾರದಲ್ಲಿ ಮಗುವಿನ ಶಕ್ತಿಯೆಲ್ಲ ಏಳೆಂಟ್ಲ ಎಷ್ಟು ಅಂತ ಹುಡುಕುವುದರಲ್ಲೇ ಹೋಗುತ್ತದೆ. ಆದರೆ ಮೊದಲು ಏಳೇಳರ ಎಂಟು ಗುಂಪು ಇಟ್ಟು ನೋಡಿರಬೇಕು. ಹುಣಸೆ ಬೀಜ ಸಾಕು. ಆಮೇಲೆ ದಿನಾ ಸಂಜೆ ಕೈಕಾಲು ಮುಖ ತೊಳೆದು ಕೂತಾಗ ಒಂದು ಮಗ್ಗಿ. ಭಜನೆಯ ಜೊತೆಗೆ ಹೇಳಿಸುವ ಮನೆಗಳು ಮೊದಲು ಇದ್ದವು, ಅದು ಒಳ್ಳೆಯ ಕ್ರಮ.

ಪಾಠಪುಸ್ತಕದ ಬಗ್ಗೆ ಒಂದು ಮಾತು. ನಮ್ಮ ಕನ್ನಡ ಮೀಡಿಯಂ ಮಕ್ಕಳ ಗಣಿತ, ಪರಿಸರ ಪುಸ್ತಕಗಳು ಮಲಯಾಳದಿಂದ ಅನುವಾದ ಆಗಿ ಬರುತ್ತವೆ. ಕೆಲವು ವಾಕ್ಯ ಬಿಗಿಯಾಗಿರುತ್ತವೆ. ನಾನೇ ಎರಡು ಸಲ ಓದಿ ಅರ್ಥ ಮಾಡಿಕೊಂಡದ್ದಿದೆ. ಮಗಳು ಲೆಕ್ಕ ಬಿಡಿಸಲಿಲ್ಲ ಅಂದರೆ ಲೆಕ್ಕ ಬಾರದೆಯೋ, ಪ್ರಶ್ನೆಯ ವಾಕ್ಯ ಅರ್ಥ ಆಗದೆಯೋ ಅಂತ ನೋಡಿ. ಪ್ರಶ್ನೆಯನ್ನು ತುಳುವಿನಲ್ಲಿ ಹೇಳಿ ನೋಡಿ. ತಟ್ಟನೆ ಉತ್ತರ ಬಂದರೆ ಅವಳ ಗಣಿತ ಚೆನ್ನಾಗಿಯೇ ಇದೆ.

ಎಲ್‌ಎಸ್‌ಎಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು 4ನೇ ಕ್ಲಾಸಿನ ಮಕ್ಕಳ ಸ್ಕಾಲರ್‌ಶಿಪ್ ಪರೀಕ್ಷೆ. 7ನೇ ಕ್ಲಾಸಿಗೆ ಯುಎಸ್‌ಎಸ್ ಇರುವ ಹಾಗೆ. ಪಾಸಾದರೆ ಸಂತೋಷ, ಆಗದಿದ್ದರೆ ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ. ಹಣ ಕೊಟ್ಟು ಟ್ಯೂಷನ್ ಬೇಡ. ಶಾಲೆಯಲ್ಲೇ ಹಳೆಯ ಪ್ರಶ್ನೆಪತ್ರಿಕೆ ಕೇಳಿ ತನ್ನಿ, ವಾರಕ್ಕೊಂದು ಬಿಡಿಸಲಿ. ಆ ಪರೀಕ್ಷೆಯ ಎದುರು ನಿಲ್ಲಿಸಿ ಹತ್ತು ವರ್ಷದ ಮಗುವಿನ ನಿದ್ದೆ ಕೆಡಿಸುವುದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ.

ಇಂಗ್ಲಿಷ್ ಮೀಡಿಯಂ ಪ್ರಶ್ನೆ ಕಷ್ಟದ್ದು. ತೀರ್ಮಾನ ನಿಮ್ಮದು. ನನ್ನ ಅನುಭವ ಹೇಳುತ್ತೇನೆ. 5ನೇ ಕ್ಲಾಸಿನಲ್ಲಿ ಮಗುವಿಗೆ ಒಂದೇ ಸಲ ತುಂಬಾ ಬದಲಾವಣೆ ಬರುತ್ತದೆ. ಶಾಲೆ ಹೊಸದು. ಹಿಂದಿ ಆಗ ಶುರು. ಇಷ್ಟರವರೆಗೆ ಪರಿಸರ ಅಧ್ಯಯನ ಅಂತ ಒಟ್ಟಿಗೆ ಇದ್ದದ್ದು ವಿಜ್ಞಾನ, ಸಮಾಜ ಅಂತ ಬೇರೆಯಾಗುತ್ತದೆ. ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಟೀಚರು ಬರುತ್ತಾರೆ. ಅದೇ ವರ್ಷ ಕಲಿಕೆಯ ಭಾಷೆಯನ್ನೂ ಬದಲಾಯಿಸಿದರೆ, ಕ್ಲಾಸಿನಲ್ಲಿ ಮಾತಾಡುತ್ತಿದ್ದ ಮಕ್ಕಳು ಸುಮ್ನೆ ಕೂರುವುದನ್ನು ನಾನು ನೋಡಿದ್ದೇನೆ. ಇಂಗ್ಲಿಷ್ ಚೆನ್ನಾಗಿ ಬರಬೇಕು ಅನ್ನುವ ನಿಮ್ಮ ಆಸೆ ಸರಿಯೇ. ಅದಕ್ಕೆ ಇಂಗ್ಲಿಷ್ ಪಾಠವನ್ನು ಗಟ್ಟಿ ಮಾಡಿಸಿ, ವಿಜ್ಞಾನ ಮತ್ತು ಗಣಿತವನ್ನು ಅರ್ಥವಾಗುವ ಭಾಷೆಯಲ್ಲೇ ಬಿಡಿ. ಮಲಯಾಳವನ್ನೂ ಚೆನ್ನಾಗಿ ಕಲಿಯಲಿ, ಕಚೇರಿ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೇ ಮೀಸಲಾದ ಪಿಎಸ್‌ಸಿ (ಲೋಕಸೇವಾ ಆಯೋಗ) ಹುದ್ದೆಗಳಿವೆ. ಅದೂ ನಿಮ್ಮ ಗಮನದಲ್ಲಿರಲಿ.

ಇನ್ನೊಂದು ವಿಷಯ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956 ನವೆಂಬರ್ 1ರಂದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಇರಬೇಕು ಅನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದೂ ಅದೇ ದಿನ. ನಿಮ್ಮ ಮಗಳ ಕನ್ನಡ ಕ್ಲಾಸು ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕನ್ನಡ ಗೊತ್ತಿರುವ ಟೀಚರು ಬೇಕು, ಪುಸ್ತಕ ಸಮಯಕ್ಕೆ ಬರಬೇಕು ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ಮುಂದಿನ ಕ್ಲಾಸ್ ಪಿಟಿಎಗೆ, ಅಂದರೆ ಹೆತ್ತವರು ಮತ್ತು ಟೀಚರು ಸೇರುವ ಸಭೆಗೆ, ತಪ್ಪದೆ ಹೋಗಿ. ಬೀಡಿ ಒಂದು ದಿನ ಕಡಿಮೆಯಾಗುತ್ತದೆ, ಗೊತ್ತು. ಆದರೂ ಹೋಗಿ. ‘ನೋಟ್ಸ್ ಯಾಕೆ ಕೊಡುವುದಿಲ್ಲ’ ಅಂತ ಕೇಳಿದರೆ ಟೀಚರಿಗೆ ಬೇಜಾರಾದೀತು, ಮಾತು ಅಲ್ಲಿಗೇ ನಿಂತೀತು. ಅದರ ಬದಲು ‘ಮಗಳು ತಾನೇ ಬರೆದದ್ದನ್ನು ತೋರಿಸಿ ಟೀಚರೇ’ ಅನ್ನಿ. ಗುಂಪಿನಲ್ಲಿ ಕೂತಾಗ ಅವಳು ಮಾತಾಡುತ್ತಾಳಾ, ಬೇರೆಯವರು ಮಾಡಿದ್ದನ್ನು ನೋಡುತ್ತಾ ಇರುತ್ತಾಳಾ ಅಂತ ಕೇಳಿ. ಗುಂಪು ಕೆಲಸದ ದೊಡ್ಡ ದೋಷ ಇದೇ. ಜೋರಿನ ಮಗು ಕತ್ತರಿ ಹಿಡಿಯುತ್ತದೆ, ಮೆತ್ತಗಿನ ಮಗು ಅಂಟು ಹಿಡಿದುಕೊಂಡು ನಿಲ್ಲುತ್ತದೆ. ಟೀಚರಿಗೆ ಇದು ಗೊತ್ತಾದರೆ ಮರುದಿನವೇ ಕತ್ತರಿ ಬೇರೆ ಕೈಗೆ ಕೊಡುತ್ತಾರೆ.

ಮನೆಯಲ್ಲಿ ಅವಳಿಗೆ ಒಂದು ನೂರು ಪುಟದ ನೋಟ್‌ಬುಕ್ಕು ತೆಗೆದುಕೊಡಿ. ದಿನಕ್ಕೆ ನಾಲ್ಕು ಸಾಲು. ಶಾಲೆಯಲ್ಲಿ ಮಾಡಿದ್ದು, ಕಟ್ಟಿನ ಲೆಕ್ಕ, ತುಳು-ಕನ್ನಡ ಶಬ್ದ, ಹಿತ್ತಿಲಲ್ಲಿ ಕಂಡ ಹಕ್ಕಿ, ಏನಾದರೂ ಆಗಬಹುದು. ಪ್ರತಿದಿನ ತಾರೀಕು ಹಾಕಲಿ. ತಪ್ಪು ತಿದ್ದಲು ಹೋಗಬೇಡಿ, ಓದಿ ಒಂದು ಪ್ರಶ್ನೆ ಕೇಳಿ ಸಾಕು. ಜೂನ್‌ನಲ್ಲಿ ಹೊಸ ಶಾಲೆಯ ಪ್ರವೇಶೋತ್ಸವಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನೂ ಬ್ಯಾಗಿಗೆ ಹಾಕಿ. 5ನೇ ಕ್ಲಾಸಿನ ಟೀಚರಿಗೆ ಟಿಸಿಯ ಜೊತೆ ಅದನ್ನೂ ತೋರಿಸಿ.